ಇಂಧನ ಉಳಿಸುವ ಮಾತನ್ನು ಮನೆಯವರಿಗೆ ಹೇಳುವ ಬಗೆ

ಮಾನ್ಯ ಸಂಪಾದಕರೇ,

ಪೆಟ್ರೋಲ್, ಡೀಸೆಲ್ ದರ ಏರಿದಾಗಲೆಲ್ಲ ನಿಮ್ಮ ಓದುಗರ ಪತ್ರಗಳ ಅಂಕಣ ಬಿಸಿಯಾಗುತ್ತದೆ. ತೆರಿಗೆ ಇಳಿಸಿ ಎಂದು ಬರೆಯುವವರ ಮಾತಿನಲ್ಲಿ ನ್ಯಾಯವಿದೆ. ಆದರೆ ಗಾಡಿ ಓಡಿಸುವ ರೀತಿಯ ಬಗ್ಗೆ ಬರೆದವರನ್ನು ನಾನು ಕಂಡದ್ದು ಕಡಿಮೆ. ಸಾರಿಗೆ ಸಂಸ್ಥೆಯ ಬಸ್ಸಿನ ಸ್ಟೀರಿಂಗ್ ಹಿಡಿದೇ ತಲೆಗೂದಲು ಬೆಳ್ಳಗಾದವನು ನಾನು. ರಾಯಚೂರು, ಮಾನ್ವಿ, ಸಿಂಧನೂರು, ಮಸ್ಕಿ, ಲಿಂಗಸುಗೂರು ದಾರಿಗಳ ಏರಿಳಿತವೆಲ್ಲ ನನ್ನ ಕಾಲಿಗೆ ಗೊತ್ತು. ಇಂಧನ ಉಳಿಸಿ ಓಡಿಸುವುದು ದೊಡ್ಡ ವಿದ್ಯೆಯಲ್ಲ. ಅದನ್ನು ಹೆಂಡತಿ ಮಕ್ಕಳಿಗೆ, ಬೀಗರಿಗೆ, ಗೆಳೆಯರಿಗೆ ನಂಬಿಸುವುದೇ ದೊಡ್ಡ ಕೆಲಸ. ಆ ಕೆಲಸದ ಬಗ್ಗೆ ಈ ಪತ್ರ.

ನಮ್ಮ ಡಿಪೋದಲ್ಲಿ ಪ್ರತಿ ಚಾಲಕನ ಹೆಸರಿನ ಮುಂದೆ ಅವನ ಕೆಎಂಪಿಎಲ್ ಬರೆದು ಹಚ್ಚುತ್ತಿದ್ದರು. ಒಂದು ಲೀಟರ್ ಡೀಸೆಲ್‌ಗೆ ಅವನ ಕೈಯಲ್ಲಿ ಬಸ್ಸು ಎಷ್ಟು ಕಿಲೋಮೀಟರ್ ಓಡಿತು ಎಂಬ ಲೆಕ್ಕ ಅದು. ಅದೇ ಬಸ್ಸು, ಅದೇ ರೂಟು, ಹೆಚ್ಚುಕಡಿಮೆ ಅಷ್ಟೇ ಜನ. ಆದರೂ ಒಬ್ಬನ ಸಂಖ್ಯೆ ಐದನ್ನು ದಾಟುತ್ತಿತ್ತು, ಇನ್ನೊಬ್ಬನದು ನಾಲ್ಕೂವರೆಯ ಹತ್ತಿರವೇ ಕುಂಟುತ್ತಿತ್ತು. ಹೆಚ್ಚು ಸಂಖ್ಯೆ ಬಂದವರು ಆಮೆಯಂತೆ ಓಡಿಸುತ್ತಿದ್ದರು ಎಂದುಕೊಳ್ಳಬೇಡಿ. ಅವರ ಬಸ್ಸುಗಳೂ ಹೊತ್ತಿಗೆ ಸರಿಯಾಗಿ ನಿಲ್ದಾಣ ಸೇರುತ್ತಿದ್ದವು. ಅವರು ರಸ್ತೆಯನ್ನು ದೂರದವರೆಗೆ ನೋಡುತ್ತಿದ್ದರು, ಅಷ್ಟೇ. ಮುಂದೆ ಹಂಪ್ ಇದೆ, ಎತ್ತಿನ ಗಾಡಿ ಇದೆ, ಕೈ ಎತ್ತಿ ನಿಂತ ಪ್ರಯಾಣಿಕ ಇದ್ದಾನೆ ಎಂದು ಮೊದಲೇ ಕಂಡು ಅಕ್ಸಲರೇಟರ್‌ನಿಂದ ಕಾಲು ತೆಗೆಯುತ್ತಿದ್ದರು. ಉಳಿದವರು ಹಂಪಿನ ಮೂತಿಯವರೆಗೂ ಒತ್ತಿಕೊಂಡು ಹೋಗಿ ಬ್ರೇಕ್ ಹೊಡೆಯುತ್ತಿದ್ದರು. ಬ್ರೇಕ್ ಒತ್ತಿದಾಗಲೆಲ್ಲ ಅದುವರೆಗೆ ಡೀಸೆಲ್ ಸುಟ್ಟು ಗಳಿಸಿದ ವೇಗ ಬರೀ ಬಿಸಿಯಾಗಿ ಹೋಗುತ್ತದೆ. ಕೊಂಡ ಡೀಸೆಲ್ಲನ್ನು ರಸ್ತೆಗೆ ಸುರಿದಂತೆಯೇ ಅದು.

ಇದನ್ನು ಮನೆಯಲ್ಲಿ ಹೇಳಿದರೆ ಯಾರೂ ಕೇಳುವುದಿಲ್ಲ. ಕಾರಣ ನನಗೆ ಅರ್ಥವಾಗುತ್ತದೆ. ಗಾಡಿ ಓಡಿಸುವ ರೀತಿಯನ್ನು ತಿದ್ದುವುದೆಂದರೆ ಆ ಮನುಷ್ಯನನ್ನೇ ತಿದ್ದಿದ ಹಾಗೆ ಅನ್ನಿಸುತ್ತದೆ. ಅದರಲ್ಲೂ ಹಿಂದಿನ ಸೀಟಿನಲ್ಲಿ ಹೆಂಡತಿ ಮಕ್ಕಳು ಕೂತಿರುವಾಗ "ನಿಧಾನ, ನಿಧಾನ" ಎಂದರೆ ಯಾವ ಗಂಡಸಿನ ಕಾಲೂ ಇನ್ನಷ್ಟು ಗಟ್ಟಿಯಾಗಿಯೇ ಒತ್ತುತ್ತದೆ. ಓಡುತ್ತಿರುವ ಗಾಡಿಯಲ್ಲಿ ಬುದ್ಧಿ ಹೇಳಬಾರದು. ಇದು ನಾನು ಎಲ್ಲರಿಗೂ ಹೇಳುವ ಮೊದಲ ಮಾತು.

ನಮ್ಮ ಅಳಿಯಂದಿರದು ಡೀಸೆಲ್ ಕಾರು, ಬೀಜ ಗೊಬ್ಬರದ ವ್ಯಾಪಾರ. ಸಿಂಧನೂರಿನಿಂದ ರಾಯಚೂರಿಗೆ ಅವರ ಓಡಾಟ ಇದ್ದೇ ಇರುತ್ತದೆ. "ಮಾವ, ನಿಮ್ಮ ಬಸ್ಸಿನ ಲೆಕ್ಕ ಬೇರೆ. ಈಗಿನವು ಕಂಪ್ಯೂಟರ್ ಗಾಡಿಗಳು, ಎಷ್ಟು ಕುಡಿಯಬೇಕೋ ಅಷ್ಟನ್ನು ತಾವೇ ಕುಡಿಯುತ್ತವೆ" ಎಂಬುದು ಅವರ ವಾದ. ನಾನು ವಾದಕ್ಕೆ ಹೋಗಲಿಲ್ಲ. ಅವರ ತಾಯಿ, ಅಂದರೆ ನಮ್ಮ ಬೀಗಿತ್ತಿಯವರಿಗೆ ಕಾರಿನ ಪ್ರಯಾಣ ಆಗಿಬರುವುದಿಲ್ಲ. ಪೋತ್ನಾಳ ದಾಟುವುದರೊಳಗೆ ತಲೆಸುತ್ತು, ಮಾನ್ವಿ ಬರುವ ಹೊತ್ತಿಗೆ ವಾಂತಿ. ಕೈಯಲ್ಲಿ ನಿಂಬೆಹಣ್ಣು, ಮಡಿಲಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದುಕೊಂಡೇ ಅವರು ಕಾರು ಹತ್ತುತ್ತಿದ್ದರು. ಒಮ್ಮೆ ಅವರನ್ನು ಕಣ್ಣಿನ ತಪಾಸಣೆಗೆ ರಾಯಚೂರಿಗೆ ಕರೆದೊಯ್ಯಬೇಕಾಗಿತ್ತು. ಹೊರಡುವ ಮುಂಚೆ ಅಂಗಳದಲ್ಲಿ ಅಳಿಯಂದಿರಿಗೆ ಹೇಳಿದೆ: "ಅವ್ವನವರು ಹಿಂದೆ ಕೂರುತ್ತಾರೆ. ಹಂಪ್ ಕಂಡ ಕೂಡಲೇ ಕಾಲು ಎತ್ತಿಬಿಡಿ, ಗೇರಿನಲ್ಲೇ ಗಾಡಿ ತಾನಾಗಿ ಇಳಿಯಲಿ, ಬ್ರೇಕ್ ಕೊನೆಗೆ ಸಾಕು. ಹೊರಡುವಾಗಲೂ ಮೆಲ್ಲಗೆ ಎತ್ತಿ." ಡೀಸೆಲ್ಲಿನ ಮಾತೇ ಆಡಲಿಲ್ಲ. ಜವಳಗೇರಾ ಹೋಯಿತು, ಪೋತ್ನಾಳ ಹೋಯಿತು, ಮಾನ್ವಿಯೂ ಹಿಂದೆ ಬಿತ್ತು. ಕಲ್ಲೂರಿನ ಹತ್ತಿರ ಬೀಗಿತ್ತಿಯವರು ತಾವಾಗಿಯೇ "ಇವತ್ತು ರಸ್ತೆ ಹೊಸದಾಗಿ ಹಾಕಿದ್ದಾರೇನು?" ಎಂದು ಕೇಳಿದರು. ರಸ್ತೆ ಹಳೆಯದೇ. ಅಳಿಯಂದಿರು ಕನ್ನಡಿಯಲ್ಲಿ ತಾಯಿಯ ಮುಖ ನೋಡಿದರು, ಆಮೇಲೆ ನನ್ನ ಕಡೆ ನೋಡಿದರು. ನಾನು ಮಾಡಿದ ಯಾವ ಉಪದೇಶವೂ ಆ ಪ್ರಶ್ನೆಯಷ್ಟು ಕೆಲಸ ಮಾಡಿರಲಿಲ್ಲ.

ಹಾಗಾಗಿ ನನ್ನ ಸಲಹೆ ಇಷ್ಟು. ಮನೆಯವರಿಗೆ ಯಾವುದು ಮುಖ್ಯವೋ ಅಲ್ಲಿಂದ ಮಾತು ಆರಂಭಿಸಿ. ಒಂದು ಲೀಟರ್ ಡೀಸೆಲ್ ಸುಟ್ಟರೆ ಎರಡೂವರೆ ಕಿಲೋಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ, ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ಶೇ 85ಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ. ಇವೆರಡೂ ನಿಜ, ನನಗೆ ಇವುಗಳ ಚಿಂತೆಯೂ ಇದೆ. ಆದರೆ ಇವನ್ನು ಕೇಳಿ ಕಾಲು ಹಗುರ ಮಾಡಿದವರನ್ನು ನಾನು ನೋಡಿಲ್ಲ. ತಾಯಿಗೆ ಆರಾಮಾಗಲಿ, ಮಗು ಎಚ್ಚರವಾಗದೆ ಮಲಗಿರಲಿ, ಬ್ರೇಕ್ ಶೂ ಮತ್ತು ಟಯರ್ ಹೆಚ್ಚು ದಿನ ಬಾಳಲಿ ಎಂದರೆ ಕೇಳುತ್ತಾರೆ.

ಕೇಳಿದ ಮೇಲೆ ಲೆಕ್ಕ ತೋರಿಸಬೇಕು, ಆ ಲೆಕ್ಕ ಅವರದೇ ಕೈಬರಹದಲ್ಲಿರಬೇಕು. ಒಂದೇ ಬಂಕಿನಲ್ಲಿ ಟ್ಯಾಂಕ್ ತುಂಬಿಸಿ. ಪೈಪು ಮೊದಲ ಬಾರಿ ತಾನಾಗಿ ನಿಂತ ಕೂಡಲೇ ಸಾಕು ಅನ್ನಿ. ರೌಂಡ್ ಫಿಗರ್ ಮಾಡಲು ಮತ್ತೆ ಒತ್ತಿಸಬೇಡಿ. ಮೀಟರಿನ ಕಿಲೋಮೀಟರ್ ಬರೆದಿಡಿ. ಎಂದಿನ ದಾರಿಯಲ್ಲಿ ಎಂದಿನಂತೆ ಓಡಿಸಿ. ಮುಂದಿನ ಸಲ ಮತ್ತೆ ಹಾಗೆಯೇ ತುಂಬಿಸಿ, ಓಡಿದ ಕಿಲೋಮೀಟರನ್ನು ಹಾಕಿಸಿದ ಲೀಟರಿನಿಂದ ಭಾಗಿಸಿ. ಡ್ಯಾಶ್‌ಬೋರ್ಡಿನಲ್ಲಿ ಮಿನುಗುವ ಮೈಲೇಜನ್ನೇ ನೆಚ್ಚಿಕೊಳ್ಳಬೇಡಿ, ಅದು ಎಷ್ಟೋ ಸಲ ಗಾಡಿಯ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಮೂರ್ನಾಲ್ಕು ಟ್ಯಾಂಕ್ ಹೀಗೆ ಬರೆದ ಮೇಲೆ ಒಂದೇ ಒಂದು ಅಭ್ಯಾಸ ಬದಲಿಸಿ ಮತ್ತೆ ಬರೆಯಲಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ, ನಂಬಿಕೆಯೂ ಹುಟ್ಟುವುದಿಲ್ಲ. ತಿಂಗಳಿಗೆ ಸಾವಿರ ಕಿ.ಮೀ. ಓಡುವ ಪೆಟ್ರೋಲ್ ಕಾರಿನ ಮೈಲೇಜು 15ರಿಂದ 17ಕ್ಕೆ ಏರಿದರೆ ಹತ್ತಿರ ಹತ್ತಿರ ಎಂಟು ಲೀಟರ್ ಉಳಿಯುತ್ತದೆ. ಲೀಟರಿಗೆ ನೂರು ರೂಪಾಯಿ ದಾಟಿರುವ ಈ ಕಾಲದಲ್ಲಿ ಅದು ಮಕ್ಕಳ ಟ್ಯೂಷನ್ ಶುಲ್ಕಕ್ಕೆ ಆದೀತು.

"ಹೊತ್ತಾಗುತ್ತದೆ" ಎನ್ನುವವರಿಗೂ ಲೆಕ್ಕವೇ ಉತ್ತರ. ಅರವತ್ತು ಕಿ.ಮೀ. ದಾರಿಯನ್ನು ಗಂಟೆಗೆ 80ರ ವೇಗದಲ್ಲಿ ಹೋದರೆ 45 ನಿಮಿಷ, 100ರಲ್ಲಿ ಹೋದರೆ 36 ನಿಮಿಷ. ಒಂಬತ್ತು ನಿಮಿಷದ ವ್ಯತ್ಯಾಸ, ಅದೂ ದಾರಿಯುದ್ದಕ್ಕೂ ಒಂದು ಊರು, ಒಂದು ಹಂಪ್, ಒಂದು ಭತ್ತದ ಟ್ರ್ಯಾಕ್ಟರ್ ಅಡ್ಡ ಬರದಿದ್ದರೆ. ನಮ್ಮ ಜಿಲ್ಲೆಯಲ್ಲಿ ಅಂಥ ದಾರಿ ಎಲ್ಲಿದೆ? ಗಾಳಿಯ ಎದುರೊತ್ತು ವೇಗದ ವರ್ಗಕ್ಕೆ, ಅಂದರೆ ವೇಗವನ್ನು ಅದರಿಂದಲೇ ಗುಣಿಸಿದ್ದಕ್ಕೆ, ತಕ್ಕಂತೆ ಏರುತ್ತದೆ. 80ರಿಂದ 100ಕ್ಕೆ ಹೋದರೆ ಅದು ಒಂದೂವರೆ ಪಟ್ಟಿಗೂ ಹೆಚ್ಚು. ಕೇಂದ್ರ ಪೆಟ್ರೋಲಿಯಂ ಸಚಿವಾಲಯದ ಅಡಿಯಲ್ಲಿ ಕೆಲಸ ಮಾಡುವ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘ 45ರಿಂದ 55ರ ವೇಗವೇ ಮಿತವ್ಯಯದ ವೇಗ ಎನ್ನುತ್ತದೆ. ಹೆದ್ದಾರಿಯಲ್ಲಿ ಐವತ್ತರಲ್ಲಿ ಹೋಗಿ ಎಂದರೆ ನಮ್ಮ ಹುಡುಗರು ಎದ್ದು ಹೋಗುತ್ತಾರೆ. ನೂರರಲ್ಲಿ ಹೋಗುವವನು ಎಂಬತ್ತಕ್ಕೆ ಇಳಿದರೂ ನನಗೆ ಸಂತೋಷ.

ಅಳಿಯಂದಿರ ಕಂಪ್ಯೂಟರ್ ವಾದದಲ್ಲೂ ಹುರುಳಿದೆ, ಅದನ್ನು ಒಪ್ಪಲೇಬೇಕು. 2020ರ ಏಪ್ರಿಲ್‌ನಿಂದ ಗಾಡಿಯ ಹೊಗೆಗೆ ಮಿತಿ ಹಾಕುವ ಬಿಎಸ್‌-6 ನಿಯಮ ಬಂದ ಮೇಲೆ ಬೈಕುಗಳಿಗೂ ಕಾರ್ಬುರೇಟರ್ ಹೋಗಿ, ಕಂಪ್ಯೂಟರ್ ಅಳೆದು ಇಂಧನ ಸಿಂಪಡಿಸುವ ಇಂಜೆಕ್ಷನ್ ಬಂದಿದೆ. ಇಂಥ ಗಾಡಿಯಲ್ಲಿ ಗೇರಿನಲ್ಲಿದ್ದು ಅಕ್ಸಲರೇಟರ್ ಬಿಟ್ಟರೆ, ಗಾಡಿ ಸಾಕಷ್ಟು ವೇಗದಲ್ಲಿರುವವರೆಗೆ ಇಂಜಿನ್‌ಗೆ ಇಂಧನವನ್ನೇ ನಿಲ್ಲಿಸುವ ವ್ಯವಸ್ಥೆ ಸಾಮಾನ್ಯವಾಗಿದೆ. ನ್ಯೂಟ್ರಲ್ ಹಾಕಿದರೆ ಇಂಜಿನ್ ಬಂದ್ ಆಗದಿರಲು ಇಂಧನ ಬೇಕೇ ಬೇಕು. ಆದ್ದರಿಂದ ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿ ಉಳಿತಾಯ ಮಾಡಿ ಎಂಬ ಹಿರಿಯರ ಮಾತನ್ನು ದಯವಿಟ್ಟು ಕೇಳಬೇಡಿ. ಇಂಜಿನ್ ಹಿಡಿತವಿಲ್ಲದ ಗಾಡಿಯ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಓಡುತ್ತಿರುವಾಗ ಕೀಲಿ ಆಫ್ ಮಾಡುವುದಂತೂ ಸಾವಿನ ಜೊತೆ ಸರಸ. ಕಾರಿನಲ್ಲಿ ಪವರ್ ಬ್ರೇಕ್, ಪವರ್ ಸ್ಟೀರಿಂಗ್ ಎರಡರ ಬಲವೂ ಹೋಗುತ್ತದೆ. ಲಾರಿಯ ಬೆನ್ನಿಗೆ ಅಂಟಿಕೊಂಡು ಗಾಳಿ ತಪ್ಪಿಸಿಕೊಳ್ಳುವ ಉಪಾಯವೂ ಅಂಥದ್ದೇ. ನಾಲ್ಕು ಹನಿ ಪೆಟ್ರೋಲಿಗಾಗಿ ಜೀವ ಒತ್ತೆಯಿಡಬೇಡಿ.

ಇನ್ನು ಟಯರಿನ ಗಾಳಿಯ ವಿಷಯ. ನಮ್ಮ ಕಡೆ ಇದು ಬರೀ ಮೈಲೇಜಿನ ಪ್ರಶ್ನೆಯಲ್ಲ. ಕಡಿಮೆ ಗಾಳಿಯ ಟಯರು ಹೆಚ್ಚು ಬಾಗಿ ಬಳುಕಿ ಒಳಗೇ ಕಾಯುತ್ತದೆ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ರಾಯಚೂರಿನ ಡಾಂಬರಿನ ಮೇಲೆ ಅದು ಸಿಡಿಯುವುದಕ್ಕೆ ಬೇರೆ ಕಾರಣ ಬೇಕಿಲ್ಲ. ಬಂಕಿನಲ್ಲಿ ಗಾಳಿ ಹಾಕುವ ಹುಡುಗ "ಎಷ್ಟು ಹಾಕಲಿ?" ಎಂದು ಕೇಳಿದರೆ, ಯಾವ ಗಾಡಿಯಾದರೂ ನಮ್ಮವರ ಉತ್ತರ "ಮೂವತ್ತೈದು ಹಾಕಿಬಿಡು". ನಿಮ್ಮ ಗಾಡಿಗೆ ಎಷ್ಟು ಬೇಕು ಎಂಬುದು ಚಾಲಕನ ಬಾಗಿಲು ತೆರೆದರೆ ಸಾಮಾನ್ಯವಾಗಿ ಅಲ್ಲೇ ಅಂಟಿಸಿದ ಚೀಟಿಯಲ್ಲಿರುತ್ತದೆ, ಇಲ್ಲವೇ ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿರುತ್ತದೆ. ಟಯರಿನ ಪಕ್ಕದಲ್ಲಿ ಅಚ್ಚಾದ ಸಂಖ್ಯೆ ಆ ಟಯರು ತಡೆಯಬಲ್ಲ ಗರಿಷ್ಠ ಒತ್ತಡ, ಅದನ್ನು ನೋಡಿ ತುಂಬಿಸಬಾರದು. ಗಾಳಿ ನೋಡುವುದು ಬೆಳಿಗ್ಗೆ, ಟಯರು ತಣ್ಣಗಿರುವಾಗ.

ಬೈಕಿನವರಿಗೆ ಎರಡೇ ಮಾತು. ಬಲಗಾಲನ್ನು ಹಿಂದಿನ ಬ್ರೇಕಿನ ಮೇಲೆ ಇಟ್ಟುಕೊಂಡೇ ಓಡಿಸುವವರನ್ನು ದಿನವೂ ನೋಡುತ್ತೇನೆ. ಹಿಂದಿನ ಕೆಂಪು ದೀಪ ಹತ್ತಿಕೊಂಡೇ ಇರುತ್ತದೆ, ಬ್ರೇಕ್ ಸವೆಯುತ್ತಲೇ ಇರುತ್ತದೆ. ವಾರಕ್ಕೊಮ್ಮೆ ಗಾಡಿಯನ್ನು ಮಿಡಲ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿ ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿ. ಸಲೀಸಾಗಿ ತಿರುಗದೆ ಉಜ್ಜಿ ನಿಂತರೆ ಬ್ರೇಕ್ ಹಿಡಿದಿದೆ, ಇಲ್ಲವೇ ಚೈನು ಒಣಗಿದೆ ಅಥವಾ ಬಿಗಿಯಾಗಿದೆ ಎಂದರ್ಥ. ಎಣ್ಣೆ ಹಾಕಿಸಿ, ಸರಿಮಾಡಿಸಿ.

ರೈಲ್ವೆ ಗೇಟಿನಲ್ಲಿ ಇಂಜಿನ್ ಬಂದ್ ಮಾಡಿ ಎಂದರೆ "ಮತ್ತೆ ಸ್ಟಾರ್ಟ್ ಮಾಡಲು ಇನ್ನೂ ಹೆಚ್ಚು ಬೇಕು" ಎನ್ನುವವರು ಸಿಗುತ್ತಾರೆ. ಬಿಸಿಯಾದ ಇಂಜಿನ್ ಮತ್ತೆ ಹೊತ್ತಿಕೊಳ್ಳಲು ಬೇಕಾದ ಇಂಧನ ಹತ್ತು ಸೆಕೆಂಡು ಸುಮ್ಮನೆ ಓಡುವುದಕ್ಕೆ ಬೇಕಾದಷ್ಟೂ ಇರುವುದಿಲ್ಲ. ಸರಕು ರೈಲು ದಾಟಲು ಎಷ್ಟು ಹೊತ್ತು ಎಂದು ನಿಮಗೇ ಗೊತ್ತು. ದೂರದಿಂದ ಜೋರಾಗಿ ಓಡಿಸಿಕೊಂಡು ಬಂದ ಟರ್ಬೊ ಡೀಸೆಲ್ ಗಾಡಿಯಾದರೆ ಅರ್ಧ ನಿಮಿಷ ತಣಿಯಲು ಬಿಟ್ಟು ಆಮೇಲೆ ಆರಿಸಿ.

ಎಸಿಯ ತಂಟೆಗೆ ನಾನು ಹೋಗುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಊರಿನಲ್ಲಿ ಎಸಿ ಬೇಡ ಎಂದು ಹೇಳುವವನ ಬೇರೆ ಮಾತುಗಳನ್ನೂ ಯಾರೂ ಕೇಳುವುದಿಲ್ಲ. ಬೇವಿನ ಮರದ ನೆರಳಲ್ಲಿ ನಿಲ್ಲಿಸಿ, ಹೊರಡುವ ಮುಂಚೆ ನಾಲ್ಕೂ ಬಾಗಿಲು ತೆರೆದು ಒಳಗಿನ ಝಳ ಹೊರಗೆ ಬಿಡಿ. ಅಷ್ಟು ಮಾಡಿದರೂ ಎಸಿಯ ಶ್ರಮ ತಗ್ಗುತ್ತದೆ.

ಕೊನೆಯದಾಗಿ ನಿಮ್ಮ ಮೂಲಕ ಎರಡು ಕೋರಿಕೆ. ಡ್ರೈವಿಂಗ್ ಶಾಲೆಗಳಲ್ಲಿ ಕ್ಲಚ್ ಬಿಡುವುದನ್ನು, ಹಿಂದಕ್ಕೆ ತೆಗೆಯುವುದನ್ನು ಕಲಿಸುತ್ತಾರೆ. ಮುಂದೆ ನೋಡಿ ಕಾಲು ಎತ್ತುವುದನ್ನೂ ಕಲಿಸಲಿ. ಸಾರಿಗೆ ಸಂಸ್ಥೆಗಳಲ್ಲಿ ಒಳ್ಳೆಯ ಕೆಎಂಪಿಎಲ್ ತಂದು ನಿವೃತ್ತರಾದ ಚಾಲಕರು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ. ಕರೆದರೆ ಬಂದು ಹೇಳಿಕೊಡುತ್ತಾರೆ, ನಾನಂತೂ ಬರುತ್ತೇನೆ. ಎರಡನೆಯದು, ಪೆಟ್ರೋಲ್ ಬಂಕುಗಳು ಗ್ರಾಹಕರಿಗೆ ಉಚಿತವಾಗಿ ಗಾಳಿ ಒದಗಿಸಬೇಕೆಂಬ ನಿಯಮವಿದೆ. ಗಾಳಿಯ ಯಂತ್ರ ಕೆಟ್ಟು ಮೂಲೆ ಸೇರಿರುವ, ಯಂತ್ರವಿದ್ದರೂ ಮುಳ್ಳು ಸುಳ್ಳು ಹೇಳುವ ಬಂಕುಗಳು ನಮ್ಮಲ್ಲಿ ಇವೆ. ಬೇಸಿಗೆ ಬರುವುದರೊಳಗೆ ತೈಲ ಕಂಪನಿಗಳೂ ಜಿಲ್ಲಾಡಳಿತವೂ ಅವುಗಳನ್ನು ಒಮ್ಮೆ ಪರೀಕ್ಷಿಸಬೇಕು.

— ನಿವೃತ್ತ ಬಸ್ ಚಾಲಕ,
ಸಿಂಧನೂರು, ರಾಯಚೂರು ಜಿಲ್ಲೆ