ಒಮ್ಮೆ ಬರೆದ ಮನೆಗೆ ಮತ್ತೆ ಹೋಗು

ಪ್ರೀತಿಯ ತಮ್ಮ,

ಪುಸ್ತಕ ಬರೆಯಬೇಕು, ಅದಕ್ಕೆ ಪತ್ರಿಕೆಯ ಕೆಲಸ ಬಿಡಲಾ ಅಂತ ಕೇಳಿದ್ದೀಯ. ಬೇಡ. ಸಂಬಳ ಕಡಿಮೆ, ರಜೆ ಇಲ್ಲ, ಬರೆದದ್ದರಲ್ಲಿ ಅರ್ಧ ಡೆಸ್ಕ್‌ನಲ್ಲೇ ಹೋಗುತ್ತದೆ. ಎಲ್ಲ ಗೊತ್ತು. ಆದರೂ ಕಾಸರಗೋಡಿನಲ್ಲಿ ಸುದ್ದಿಗಾಗಿ ಓಡಾಡುವವನಿಗೆ ಸಿಗುವ ವಸ್ತು ಮನೆಯಲ್ಲಿ ಕೂತವನಿಗೆ ಸಿಗುವುದಿಲ್ಲ.

ಶ್ರೀ ಪಡ್ರೆಯವರನ್ನೇ ನೋಡು. ನಮ್ಮದೇ ಜಿಲ್ಲೆಯ ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲೇ ಇದ್ದು, ಕೃಷಿ ಮಾಡುತ್ತಾ ಪತ್ರಿಕೆಗಳಿಗೆ ಬರೆದವರು. ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸತೊಡಗಿದ ಕಾಲ ಅದು. ಊರಿನಲ್ಲಿ ಸೊಟ್ಟ ಕಾಲಿನ ಕರುಗಳು ಹುಟ್ಟಿದ್ದನ್ನು ಕಂಡು 1979ರಲ್ಲೇ ಬರೆದರು. ಸಿಂಪಡಣೆ ನಿಂತದ್ದು 2000ದ ಕೊನೆಗೆ. ಸುಪ್ರೀಂ ಕೋರ್ಟ್ ನಿಷೇಧ ಬಂದದ್ದು 2011ರಲ್ಲಿ. ಆ ವಿಷದಿಂದ ಕಾಯಿಲೆ, ಅಂಗವೈಕಲ್ಯಕ್ಕೆ ಒಳಗಾದ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದು ಅದೇ ಕೋರ್ಟ್ 2017ರಲ್ಲಿ ಹೇಳಿತು. ದುಡ್ಡು ಹೆಚ್ಚಿನವರಿಗೆ ಮುಟ್ಟಲೇ ಇಲ್ಲ ಅಂತ 2022ರಲ್ಲಿ ಕೇರಳ ಸರ್ಕಾರವನ್ನು ತರಾಟೆಗೆ ತೆಗೆದುಕೊಂಡಿತು. ಪತ್ರಿಕೆಗೆ ಇವೆಲ್ಲ ಒಂದೊಂದು ದಿನದ ಸುದ್ದಿ. ನಡುವಿನ ವರ್ಷಗಳಲ್ಲಿ ಆ ಮನೆಗಳಲ್ಲಿ ಏನಾಯಿತು ಅನ್ನುವುದು ಮಾತ್ರ ಯಾವ ದಿನದ ಸುದ್ದಿಯೂ ಆಗುವುದಿಲ್ಲ. ನಿನ್ನ ಪುಸ್ತಕ ಇರುವುದು ಅಲ್ಲಿ.

ಅದಕ್ಕೇ ಹೇಳುವುದು, ಒಮ್ಮೆ ಬರೆದ ಮನೆಗೆ ಮತ್ತೆ ಹೋಗು. ಪೆನ್ನು ಹೊರಗೆ ತೆಗೆಯದೆ ಸುಮ್ನೆ ಕೂತು ಬಾ. ಹಾಸಿಗೆ ಹಿಡಿದ ಮಗನನ್ನು ನೋಡಿಕೊಳ್ಳುವ ತಾಯಿ ಎಷ್ಟು ಹೊತ್ತಿಗೆ ಏಳುತ್ತಾಳೆ? ಪೇಟೆಗೆ ಹೋಗಬೇಕಾದ ದಿನ ಅವನ ಹತ್ತಿರ ಯಾರಿರುತ್ತಾರೆ? ಎಷ್ಟು ದಿನದ ಕೂಲಿ ತಪ್ಪುತ್ತದೆ? ಇಂಥದ್ದನ್ನು ಕೇಳು. ಫೋಟೋ ಬೇಡ ಅಂದರೆ ಬೇಡ. ಆ ಮಕ್ಕಳ ಫೋಟೋಗಳು ಈಗಾಗಲೇ ಜಾಸ್ತಿಯಾಗಿವೆ. ಅವರ ದಿನಚರಿಯನ್ನು ಬರೆದವರು ತುಂಬಾ ಕಡಿಮೆ.

ಮಲಯಾಳಂ ಓದುವುದನ್ನು ಚೆನ್ನಾಗಿ ಕಲಿ. 1956ರ ನವೆಂಬರ್ 1ರಿಂದ ನಮ್ಮ ಊರು ಕೇರಳದಲ್ಲಿದೆ. ಸರ್ಕಾರಿ ಆದೇಶಗಳು ಹೆಚ್ಚಾಗಿ ಆ ಭಾಷೆಯಲ್ಲೇ ಬರುತ್ತವೆ. ಬೇರೆಯವರಿಂದ ಓದಿಸಿಕೊಂಡರೆ ಮುಖ್ಯವಾದ ಸಾಲೇ ತಪ್ಪಿಹೋಗಬಹುದು. ಕನ್ನಡಿಗರ ಹಕ್ಕಿನ ಬಗ್ಗೆ ಬರೆಯುವವನಿಗಂತೂ ಇದು ಬೇಕೇ ಬೇಕು, ಅಲ್ವಾ?

ಸಂಕಟವನ್ನೇ ಬರೆಯಬೇಕು ಅಂತಿಲ್ಲ. ಸುರಂಗ ತೋಡುವವರನ್ನು ಹುಡುಕಿಕೊಂಡು ಹೋಗು. ಮುರಕಲ್ಲಿನ ಗುಡ್ಡವನ್ನು ಅಡ್ಡಲಾಗಿ ಕೊರೆದು ನೀರು ತರುವ ಆ ಕೆಲಸ ಬಲ್ಲವರು ಕಡಿಮೆಯಾಗುತ್ತಿದ್ದಾರೆ. ಒಳಗೆ ಮೇಣದಬತ್ತಿ ಹಚ್ಚಿಟ್ಟುಕೊಂಡು ಅಗೆಯುತ್ತಾರೆ. ಅದು ನಂದಿದರೆ ಉಸಿರಾಟಕ್ಕೆ ಗಾಳಿ ಸಾಲದು ಅಂತ ತಿಳಿದು ಹೊರಗೆ ಬರುತ್ತಾರೆ. ಇಂಥ ವಿಷಯ ಅವರು ಇರುವಾಗಲೇ ಕೇಳಿ ಬರೆದುಕೋ. ಊರು, ತಾರೀಖು ಸಮೇತ.

ಡೆಸ್ಕ್‌ನಲ್ಲಿ ಕತ್ತರಿಸಿದ ಸಾಲುಗಳನ್ನು ಬಿಸಾಡಬೇಡ. ಅವಕ್ಕೇ ಒಂದು ನೋಟ್‌ಬುಕ್ ಇಡು. ರಾತ್ರಿ ಸುದ್ದಿ ಕಳಿಸಿದ ಮೇಲೆ ಅರ್ಧ ಗಂಟೆ ಅದರೊಂದಿಗೆ ಕೂರು. ಮೊದಲ ಅಧ್ಯಾಯ ಆದ ಕೂಡಲೇ ನನಗೆ ಕಳಿಸು. ಕೈಬರಹವಾದರೂ ಅಡ್ಡಿಯಿಲ್ಲ, ಓದಿ ಗುರುತು ಹಾಕಿ ವಾಪಸ್ ಕಳಿಸುತ್ತೇನೆ.

ಇತಿ,
ನಿನ್ನ ಅಣ್ಣ