ಹಸುವಿಗೆ ಆರ್ಡರ್ ಕೊಡೋಕಾಗಲ್ಲ

ಪುಟ್ಟಿ,

ಎಂಬಿಎಯಲ್ಲಿ ಆಪರೇಷನ್ಸ್, ಸಪ್ಲೈ ಚೈನ್ ಪೇಪರ್ ತಲೆಗೇ ಹತ್ತುತ್ತಿಲ್ಲ ಅಂದೆಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಪುಸ್ತಕದಲ್ಲಿ ಟೊಯೋಟಾ ಕಥೆ ಬಂದೇ ಬಂದಿರುತ್ತದೆ: ಬೇಕಾದಾಗ, ಬೇಕಾದಷ್ಟೇ ಮಾಡು, ಸುಮ್ನೆ ಗೋದಾಮು ತುಂಬಬೇಡ. ಕಾರಿಗೆ ಅದು ಸರಿ. ಹಸುವಿಗೆ? ಹಬ್ಬ ಇರಲಿ, ಬಂದ್ ಇರಲಿ, ಎರಡು ಹೊತ್ತೂ ಕರೆಯಲೇಬೇಕು, ಬಿಟ್ಟರೆ ಕೆಚ್ಚಲು ಬಾವು.

ನಮ್ಮ ಹಾಲಿನ ಸಂಘದಲ್ಲಿ ಕ್ಯಾನಿಗೆ ಸುರಿಯುವ ಮುಂಚೆಯೇ ಸ್ಯಾಂಪಲ್ ತೆಗೆದು ಫ್ಯಾಟು, ಎಸ್‌ಎನ್‌ಎಫ್ (ಫ್ಯಾಟು ಬಿಟ್ಟು ಹಾಲಿನಲ್ಲಿರುವ ಉಳಿದ ಗಟ್ಟಿ ಅಂಶ) ನೋಡುತ್ತೇವಲ್ಲ, ಅದೇ ನಿಮ್ಮ ಕ್ವಾಲಿಟಿ ಕಂಟ್ರೋಲ್. ಸುರಿದ ಮೇಲೆ ಯಾರು ನೀರು ಬೆರೆಸಿದರು ಅಂತ ಬ್ರಹ್ಮನೂ ಹೇಳಲಾರ. ಆಮೇಲೆ ಬಿಎಂಸಿ, ಅದೇ ಹಾಲು ತಣ್ಣಗೆ ಮಾಡಿಡುವ ದೊಡ್ಡ ಟ್ಯಾಂಕು. ಕರೆದ ಹಾಲು ಮೈ ಬಿಸಿಯಲ್ಲೇ ಇರುತ್ತದೆ, ಹಾಗೇ ಬಿಟ್ಟರೆ ಕೆಲವೇ ಗಂಟೆಗಳಲ್ಲಿ ಹುಳಿ. 4 ಡಿಗ್ರಿಗೆ ಇಳಿಸಿದರೆ ಟ್ಯಾಂಕರ್ ಬರುವವರೆಗೆ ತಡೆಯುತ್ತದೆ. ಮೊದಲು ಕ್ಯಾನ್ ಲಾರಿ ಎರಡು ಹೊತ್ತೂ ಬರಬೇಕಿತ್ತು, ಈಗ ದಿನಕ್ಕೊಮ್ಮೆ ಟ್ಯಾಂಕರ್ ಬಂದರೂ ನಡೆಯುತ್ತದೆ. ಕರೆಂಟ್ ಹೋದರೆ ಜನರೇಟರ್, ಜನರೇಟರ್ ಕೆಟ್ಟರೆ ನನ್ನ ಬಿಪಿ.

ಅಸಲಿ ತಲೆನೋವು ಇರುವುದು ಬೇರೆ ಕಡೆ. ಮಳೆ ಬಿದ್ದು ಹಸಿ ಮೇವು ಸಿಕ್ಕಿತು ಅಂದರೆ ಹಾಲು ಜಾಸ್ತಿ. ಬೇಸಿಗೆಯಲ್ಲಿ ಮೇವಿಲ್ಲ, ಹಾಲು ಇಳಿಯುತ್ತದೆ, ಆದರೆ ಊರಿಗೆಲ್ಲ ಮೊಸರು, ಮಜ್ಜಿಗೆ ಬೇಕಾಗುವುದು ಆಗಲೇ! ಹಾಲನ್ನು ಹಾಲಾಗಿಯೇ ಆರು ತಿಂಗಳು ಇಡುವಂತಿಲ್ಲ, ಹಾಗಾಗಿ ಹೆಚ್ಚಾದದ್ದನ್ನು ಬೆಣ್ಣೆ, ಪುಡಿ ಮಾಡಿ ಇಡುತ್ತಾರೆ. ನಮ್ಮ ಇನ್ವೆಂಟರಿ ಅಂದರೆ ಅದೇ. ಒಂದು ಕೆಜಿ ಪುಡಿಗೆ ಸುಮಾರು 11 ಲೀಟರ್ ಕೆನೆ ತೆಗೆದ ಹಾಲು ಬೇಕು, ಒಣಗಿಸುವ ಖರ್ಚು ಬೇರೆ, ಮೇಲಾಗಿ ಪುಡಿಯ ರೇಟು ಬಿದ್ದರೆ ದುಡ್ಡೂ ಅದರಲ್ಲೇ ಸಿಕ್ಕಿಕೊಳ್ಳುತ್ತದೆ. 2013ರಲ್ಲಿ ಶಾಲೆ ಮಕ್ಕಳಿಗೆ ಕ್ಷೀರಭಾಗ್ಯ ಶುರುವಾಯಿತಲ್ಲ, ಆ ಲೋಟದ ಹಾಲು ಪುಡಿಯಿಂದ ಮಾಡಿದ್ದು. ಮಕ್ಕಳಿಗೆ ಹಾಲೂ ಆಯಿತು, ಕೆಎಂಎಫ್‌ನ ಪುಡಿಗೆ ದಾರಿಯೂ ಆಯಿತು. ನನ್ನ ಕೇಳಿದರೆ ಒಳ್ಳೆ ಪ್ಲಾನಿಂಗು.

2020ರ ಲಾಕ್‌ಡೌನ್ ನೆನಪಿದೆ ಅಲ್ವಾ? ಹೋಟೆಲು, ಟೀ ಅಂಗಡಿ ಎಲ್ಲ ಬಂದ್. ಬೇಡಿಕೆ ಒಂದೇ ಏಟಿಗೆ ಬಿತ್ತು, ಹಸು ಮಾತ್ರ ಕೊಡುತ್ತಲೇ ಇತ್ತು. ಆಗ ಸರ್ಕಾರವೇ ಹಾಲು ಕೊಂಡು ಬಡವರಿಗೆ ಪುಕ್ಕಟೆ ಹಂಚಿತು. ಕಾರ್ಖಾನೆಯಾಗಿದ್ದರೆ ಬಾಗಿಲು ಹಾಕಿಬಿಡುತ್ತಿದ್ದರು.

ಒಂದು ವಿಷಯ ನಿಮ್ಮ ಮೇಷ್ಟ್ರನ್ನೇ ಕೇಳು. ಹಾಲು ಹೆಚ್ಚಾದಾಗ ಹಾಲು ಒಕ್ಕೂಟಗಳು ರೈತರಿಗೆ ಕೊಡುವ ರೇಟು ಇಳಿಸುವುದುಂಟು. ಹಿಂಡಿ ರೇಟು ಇಳಿಯುತ್ತದಾ? ಹಸು ಕಮ್ಮಿ ತಿನ್ನುತ್ತದಾ? ಹೆಚ್ಚಾದ ಹಾಲಿನ ಹೊರೆಯನ್ನು ಚೈನಿನಲ್ಲಿ ಯಾರು, ಎಷ್ಟು ಹೊರಬೇಕು? ಏನು ಹೇಳಿದರು ಅಂತ ಬರೆ. ಬಟವಾಡೆ ದಿನ ಇಲ್ಲಿ ನನ್ನನ್ನೂ ಎಲ್ಲರೂ ಅದನ್ನೇ ಕೇಳುತ್ತಾರೆ.

ನಿನ್ನ ಅಪ್ಪ