ಕೊಡಚಾದ್ರಿ ಚಾರಣ ಮುಂದೂಡಿದ್ದರ ಬಗ್ಗೆ ಪೋಷಕರಿಗೆ ಪತ್ರ

ಮಾನ್ಯ ಪೋಷಕರೆ,

ವಂದನೆಗಳು. ಒಂಬತ್ತನೆಯ ತರಗತಿಯ ಮಕ್ಕಳನ್ನು ಫೆಬ್ರವರಿಯಲ್ಲಿ ಕೊಡಚಾದ್ರಿ ಚಾರಣಕ್ಕೆ ಕರೆದೊಯ್ಯುವುದೆಂದು ನಿಗದಿಯಾಗಿತ್ತು. ಅದನ್ನು ಅಕ್ಟೋಬರಿಗೆ ಮುಂದೂಡಿದ್ದೇನೆ. ನಿರ್ಧಾರ ನನ್ನದು. ಮಕ್ಕಳು ಮನೆಯಲ್ಲಿ ದೈಹಿಕ ಶಿಕ್ಷಣದ ಮೇಷ್ಟ್ರನ್ನು ಬೈಯುತ್ತಿದ್ದರೆ, ಆ ಬೈಗುಳವನ್ನು ನನ್ನ ಕಡೆ ತಿರುಗಿಸಿ.

ಕಾರಣ ಮಂಗನ ಕಾಯಿಲೆ. ಕಳೆದ ವಾರ ಪ್ರಾರ್ಥನೆ ಮುಗಿದ ಮೇಲೆ ಹುಡುಗನೊಬ್ಬ ಕಾಲು ಕೆರೆದುಕೊಳ್ಳುತ್ತ ನಿಂತಿದ್ದ. ಕಾಲುಚೀಲ ಇಳಿಸಿ ನೋಡಿದರೆ ಹರಡಿನ ಮೇಲೆ ಸಾಸಿವೆಯಷ್ಟು ಕಪ್ಪು ಚುಕ್ಕೆ. ಮಣ್ಣೆಂದು ಒರೆಸಿದೆ, ಹೋಗಲಿಲ್ಲ. ಕನ್ನಡಕ ಹಾಕಿಕೊಂಡು ಬಗ್ಗಿದಾಗ ಕಾಲುಗಳು ಕಂಡವು. ಉಣುಗು. ಮಂಗನ ಕಾಯಿಲೆಯನ್ನು ಮನುಷ್ಯರಿಗೆ ದಾಟಿಸುವುದು ರಕ್ತ ಹೀರುವ ಈ ಪುಟ್ಟ ಜೀವಿಯೇ. ಹಿಂದಿನ ದಿನ ಅವನು ಅಜ್ಜನ ಜೊತೆ ಸೊಪ್ಪಿನಬೆಟ್ಟಕ್ಕೆ ದರಗು (ಉದುರಿದ ಒಣಎಲೆ) ಗುಡಿಸಲು ಹೋಗಿದ್ದನಂತೆ. ಹುಡುಗ ಆರೋಗ್ಯವಾಗಿದ್ದಾನೆ, ಅವನ ಮನೆಯವರು ಗಾಬರಿಯಾಗಬೇಕಿಲ್ಲ. ಎಲ್ಲ ಉಣುಗಿನಲ್ಲೂ ವೈರಾಣು ಇರುವುದಿಲ್ಲ. ಆದರೆ ಇರುವುದು ಯಾವುದು, ಇಲ್ಲದ್ದು ಯಾವುದು ಎಂದು ನೋಡಿ ಹೇಳಲು ಯಾರಿಂದಲೂ ಆಗದು.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಈ ರೋಗ ಮೊದಲು ಪತ್ತೆಯಾಯಿತು. ಜಗತ್ತಿನ ವೈದ್ಯಗ್ರಂಥಗಳಲ್ಲೆಲ್ಲ ಅದಕ್ಕೆ ಆ ಕಾಡಿನದೇ ಹೆಸರು. ನಮ್ಮ ಸಾಗರ ತಾಲ್ಲೂಕಿನ ಅರಳಗೋಡಿನವರು ಈ ಕಾಯಿಲೆ ಹಬ್ಬಿದ 2018–19ರ ಬೇಸಿಗೆಯನ್ನು ಇನ್ನೂ ಮರೆತಿಲ್ಲ. ಡಿಸೆಂಬರಿನಿಂದ ಮೇ ತನಕ ಉಣುಗಿನ ಮರಿಗಳು ಒಣಗಿದ ಎಲೆಗಳ ನಡುವೆ ಕಾದಿರುತ್ತವೆ. ಮನುಷ್ಯರಿಗೆ ಹೆಚ್ಚಾಗಿ ಕಚ್ಚುವುದು ಈ ಮರಿಗಳೇ. ಹಳೆಯ ಲಸಿಕೆಯನ್ನು 2022ರಲ್ಲಿ ನಿಲ್ಲಿಸಲಾಗಿದೆ. ಹಾಗಾಗಿ ಕಚ್ಚಿಸಿಕೊಳ್ಳದಿರುವುದೊಂದೇ ಉಳಿದ ದಾರಿ.

“ಜೀಪಿನಲ್ಲಿ ಹೋಗಿ ಬರಬಹುದಲ್ಲ” ಎಂದು ಇಬ್ಬರು ಪೋಷಕರು ಕೇಳಿದರು. ಮೂವತ್ತೆಂಟು ಮಕ್ಕಳನ್ನು ಇಡೀ ದಿನ ಜೀಪಿನಿಂದ ಇಳಿಯದಂತೆ ಕೂರಿಸುವ ವಿದ್ಯೆ ನನಗೆ ತಿಳಿದಿಲ್ಲ. ಅಕ್ಟೋಬರಿನಲ್ಲಿ ಉಂಬಳ (ಜಿಗಣೆ) ಇರುತ್ತದೆಯಲ್ಲ ಎಂದೂ ಕೇಳಿದರು. ಇರಲಿ, ಉಂಬಳ ರಕ್ತ ಕುಡಿದು ಉದುರುತ್ತದೆ, ಮಂಗನ ಕಾಯಿಲೆ ತರುವುದಿಲ್ಲ.

ನಿಜ ಹೇಳಬೇಕೆಂದರೆ ಚಾರಣದ ಒಂದು ದಿನಕ್ಕಿಂತ ನನಗೆ ಚಿಂತೆಯಾಗಿರುವುದು ನಿಮ್ಮ ಭಾನುವಾರಗಳದು. ಕೊಟ್ಟಿಗೆಗೆ ದರಗು ಬೇಕು, ತೋಟಕ್ಕೆ ಸೊಪ್ಪು ಬೇಕು, ಮಕ್ಕಳು ಕೈಜೋಡಿಸುತ್ತಾರೆ. ಅದು ತಪ್ಪೆಂದು ನಾನು ಹೇಳಲಾರೆ, ನಾನೂ ಹಾಗೆಯೇ ಬೆಳೆದವನು. ಆದರೆ ಮೇ ಮುಗಿಯುವ ತನಕ ಅವರನ್ನು ಬಿಟ್ಟು ಹೋಗಿ. ಕರೆದೊಯ್ಯಲೇಬೇಕಾದರೆ ತುಂಬುತೋಳಿನ ಅಂಗಿ ಇರಲಿ, ಪ್ಯಾಂಟಿನ ತುದಿ ಕಾಲುಚೀಲದ ಒಳಗಿರಲಿ. ಉಣುಗು ಹತ್ತಿರ ಬಾರದಂತೆ ಆಶಾ ಕಾರ್ಯಕರ್ತೆಯರು ಕೊಡುವ ಡೇಪಾ ತೈಲವನ್ನು ಕೈಕಾಲಿಗೆ ಹಚ್ಚಿ. ಹೋದ ವರ್ಷ ಎಷ್ಟೋ ಮನೆಗಳಲ್ಲಿ ಆ ಬಾಟಲಿ ಮುಚ್ಚಳ ತೆಗೆಯದೆ ಗೂಡಿನಲ್ಲೇ ಕುಳಿತಿತ್ತು. ಮರಳಿದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿಸಿ. ಕಿವಿಯ ಹಿಂದೆ, ಕಂಕುಳು, ಸೊಂಟದ ಪಟ್ಟಿಯ ಜಾಗ, ಮೊಣಕಾಲಿನ ಹಿಂಬದಿ ನೋಡಿ. ಉಣುಗು ಕಚ್ಚಿಕೊಂಡಿದ್ದರೆ ಚಿಮುಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ. ಸೀಮೆಎಣ್ಣೆ, ಸುಣ್ಣ, ಬೆಂಕಿಕಡ್ಡಿ ಬೇಡ. ಉಗುರಿನಲ್ಲಿ ಕುಕ್ಕುವುದಂತೂ ಬೇಡವೇ ಬೇಡ.

ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಸೊಂಟ ಕಾಲುಗಳಲ್ಲಿ ವಿಪರೀತ ನೋವು ಬಂದರೆ ಅಂಗಡಿಯ ನೋವಿನ ಮಾತ್ರೆ ಕೊಟ್ಟು ಕಾಯಬೇಡಿ. ಅಂಥ ಕೆಲವು ಮಾತ್ರೆಗಳು ರಕ್ತಸ್ರಾವ ಹೆಚ್ಚಿಸುತ್ತವೆ. ನೇರವಾಗಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬನ್ನಿ, ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮೊದಲೇ ಹೇಳಿ. ಜ್ವರ ಬಿಟ್ಟು ಒಂದೆರಡು ವಾರದ ನಂತರ ಮರುಕಳಿಸುವುದೂ ಉಂಟು. ಈ ರೋಗ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಜ್ವರ ಬಂದ ಮನೆಯ ಮಗುವನ್ನು ಬೆಂಚಿನ ತುದಿಗೆ ತಳ್ಳುವುದನ್ನು ಶಾಲೆಯಲ್ಲಿ ನಾನು ಸಹಿಸುವುದಿಲ್ಲ.

ತೋಟದಲ್ಲೋ ಕಾಡಿನಲ್ಲೋ ಮಂಗ, ಮುಸುವ ಸತ್ತು ಬಿದ್ದಿದ್ದರೆ ಹತ್ತಿರ ಹೋಗಬೇಡಿ. ಮೈ ತಣ್ಣಗಾಗುತ್ತಲೇ ಅದರ ಮೇಲಿನ ಉಣುಗುಗಳು ಇಳಿದು ಅಲ್ಲೇ ಸುತ್ತಮುತ್ತ ಹರಡುತ್ತವೆ. ಪಂಚಾಯಿತಿಗೋ ಆರೋಗ್ಯ ಕೇಂದ್ರಕ್ಕೋ ತಿಳಿಸಿ. ನನಗೆ ಫೋನ್ ಮಾಡಿದರೂ ಸರಿ.

ಚಾರಣದ ಬದಲು ಅದೇ ದಿನ ಇಕ್ಕೇರಿಯ ಅಘೋರೇಶ್ವರ ದೇವಸ್ಥಾನಕ್ಕೂ ಕೆಳದಿಗೂ ಹೋಗಿಬರುತ್ತೇವೆ. ಒಪ್ಪಿಗೆ ಚೀಟಿಗೆ ಸಹಿ ಮಾಡಿ ಬುಧವಾರದೊಳಗೆ ಕಳುಹಿಸಿ. ಬುತ್ತಿ ಮನೆಯಿಂದಲೇ ಬರಲಿ.

ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕ